ಚೌತಿಗೂ ಊರಿಗೆ ಬಾರದ ಹುಡುಗರು

ಡಿಡಿಯು-ಜಿಕೆವೈ ಅಂದರೆ ಹಳ್ಳಿಯ ಬಡ ಹುಡುಗ ಹುಡುಗಿಯರಿಗೆ ಪುಕ್ಕಟೆ ತರಬೇತಿ ಕೊಟ್ಟು ಕೆಲಸಕ್ಕೆ ಹಚ್ಚುವ ಯೋಜನೆ. 2014ರಲ್ಲಿ ಶುರುವಾದದ್ದು. ತರಬೇತಿ ಕೊಡುವುದು, ಕೆಲಸ ಕೊಡಿಸುವುದು ಖಾಸಗಿ ಏಜೆನ್ಸಿ. ಅಂಕೋಲಾ ಕಡೆ ಅವರ ಮೇಲೆ ಕಣ್ಣಿಡುವುದು ಕೆಲವು ವರ್ಷ ನನ್ನ ಕೆಲಸವಾಗಿತ್ತು. ಮೊದಲ ವರ್ಷ ಕಣ್ಣಿಟ್ಟದ್ದು ಫೈಲಿನ ಮೇಲೆ ಮಾತ್ರ.

ತರಬೇತಿ ಮುಗಿಸಿದವರಲ್ಲಿ ನೂರಕ್ಕೆ 70 ಜನರಿಗಾದರೂ ಕೆಲಸ ಸಿಗಬೇಕು, ಮೂರು ತಿಂಗಳು ಅಲ್ಲಿ ನಿಲ್ಲಬೇಕು. ಪುರಾವೆಗೆ ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್. ಏಜೆನ್ಸಿಗೆ ಹಣ ಹೋಗುವುದು ಕಂತಿನಲ್ಲಿ. ಕೊನೆಯ ಕಂತುಗಳು ಈ ಕಾಗದ ನೋಡಿಯೇ ಬಿಡುಗಡೆ. ಹಾಗಾಗಿ ಕಾಗದ ಯಾವತ್ತೂ ಅಚ್ಚುಕಟ್ಟಾಗಿಯೇ ಬರುತ್ತಿತ್ತು.

ಒಂದು ಸಲ ಬೆಂಗಳೂರಿನ ಕಂಪನಿಯೊಂದರ ಹನ್ನೊಂದು ಸ್ಲಿಪ್ ಬಂದವು. ಯಾರದ್ದೂ ಒಂದು ದಿನ ರಜೆ ಇಲ್ಲ. ಅದು ಚೌತಿಯ ತಿಂಗಳು! ಚೌತಿಗೆ ಊರಿಗೆ ಬಾರದ ಅಂಕೋಲಾದ ಹುಡುಗನನ್ನು ನಾನಂತೂ ಕಂಡಿಲ್ಲ. ಸ್ಟೇಟ್‌ಮೆಂಟ್ ತೆಗೆದು ಈ ಸಲ ಜಮಾ ಬಿಟ್ಟು ಖರ್ಚಿನ ಕಡೆ ನೋಡಿದೆ. ಒಬ್ಬ ಆ ತಿಂಗಳು ನಾಲ್ಕು ಸಲ, ಐನೂರು ಐನೂರರಂತೆ, ಅಂಕೋಲಾದ ಎಟಿಎಂನಲ್ಲೇ ಹಣ ತೆಗೆದಿದ್ದ. ಸಂಬಳ ಅಂತ ಬಿದ್ದದ್ದೂ ಕಂಪನಿ ಖಾತೆಯಿಂದಲ್ಲ, ಯಾರೋ ಕಟ್ಟಿದ ನಗದು.

ಬೇಲೇಕೇರಿಯ ಅವನ ಮನೆ ಹುಡುಕಿಕೊಂಡು ಹೋದೆ. ತಾಯಿ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದರು. "ಅವ ದೋಣಿಗೆ ಹೋಗಿದಾ ತಂಗಿ. ಬೆಂಗ್ಳೂರಲ್ಲಿ ಇದ್ದದ್ದು ಹದ್ನೈದೇ ದಿನ. ರೂಮ್ ಬಾಡಿಗೆ, ಊಟ ಕಳದ್ರೆ ಎಂತ ಉಳೀತದೆ?"

ಏಜೆನ್ಸಿಯ ತಪ್ಪು ಸಣ್ಣದಲ್ಲ, ಆದರೆ ನಮ್ಮದೂ ಇತ್ತು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಆಗ ಹುಡುಗರು ಖಾಲಿ ಕೂತಿರುತ್ತಾರೆ, ಬ್ಯಾಚ್ ತುಂಬಿಸುವುದು ಸಲೀಸು. ಆಗಸ್ಟ್‌ನಲ್ಲಿ ಬೋಟು ಇಳಿದರೆ ಕ್ಲಾಸಿನಲ್ಲಿ ಉಳಿಯುವುದು ಬೆಂಚು. ಜೂನ್‌ನ ಪಟ್ಟಿ ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬಳು.

ಆಮೇಲೆ ಬಂದರಿನ ಊರುಗಳಲ್ಲಿ ಜೂನ್ ಬ್ಯಾಚ್‌ಗೆ ನಾನು ಒಪ್ಪಲಿಲ್ಲ. ಜೆರಾಕ್ಸ್ ಬಿಟ್ಟು ಪಾಸ್‌ಬುಕ್ಕನ್ನೇ ತರಿಸಿದೆ. ಕಂಪನಿಯ ಎಚ್‌ಆರ್‌ಗೆ ಫೋನ್ ಮಾಡುವ ಮೊದಲು ಹುಡುಗನ ತಾಯಿಗೆ ಮಾಡುತ್ತಿದ್ದೆ. ನಂಬರ್ ಸಿಗದಿದ್ದರೆ ಊರಿನ ಮಹಿಳಾ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕ ಬರೆಯುವ ಎಂಬಿಕೆಗೆ ಕೇಳಿದರಾಯಿತು, ಯಾರ ಮಗ ಎಲ್ಲಿದ್ದಾನೆಂದು ಅವರಿಗೆ ಬಾಯಿಪಾಠ. ಆ ಹನ್ನೊಂದರಲ್ಲಿ ನಿಜವಾಗಿ ಕೆಲಸದಲ್ಲಿದ್ದವರು ನಾಲ್ವರು. ಉಳಿದ ಏಳಕ್ಕೆ ಕಂತು ಕೊಡಬಾರದೆಂದು ಬರೆದೆ. "ಟಾರ್ಗೆಟ್ ಗತಿ ಏನು ಮೇಡಂ?" ಎಂದು ಮೊದಲು ಕೇಳಿದ್ದು ಏಜೆನ್ಸಿಯವರಲ್ಲ, ನಮ್ಮ ಕಚೇರಿಯವರೇ.

ಬೇಲೇಕೇರಿಯ ಆ ತಾಯಿ ಗೇಟಿನವರೆಗೂ ಬಂದು ಮೆಲ್ಲಗೆ ಕೇಳಿದ್ದರು, "ಆ ದುಡ್ಡು ನಾವು ತಿರ್ಗಿ ಕೊಡ್ಬೇಕಾ ತಂಗಿ?" ಬೇಡ ಅಮ್ಮಾ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ, ಹೊರಡುವಾಗ ಒಂದು ಪೊಟ್ಟಣ ಒಣಮೀನು ಕೈಗೆ ತುರುಕಿದರು. ಅದನ್ನು ವಾಪಸ್ ಕೊಡಲು ಏಜೆನ್ಸಿಯ ಕಂತು ತಡೆದದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.