ಎಂಡ್ಯೂರೆನ್ಸ್ ಮುಗಿಸುವ ಕಾರು: ನಮ್ಮ ಫಾರ್ಮುಲಾ ಸ್ಟೂಡೆಂಟ್ ತಂಡದ ಅನುಭವ

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ, ವಿದ್ಯಾರ್ಥಿಗಳೇ ಕಟ್ಟಿದ ರೇಸ್ ಕಾರುಗಳ ಸ್ಪರ್ಧೆಯಾದ ಫಾರ್ಮುಲಾ ಭಾರತ್‌ನಲ್ಲಿ ಪಟ್ಟಿಯ ತಳದಲ್ಲಿ ಉಳಿಯುವ ಕಾಲೇಜು ತಂಡಗಳು ಕಾರು ನಿಧಾನ ಅನ್ನುವ ಕಾರಣಕ್ಕೆ ಸೋಲುವುದು ಅಪರೂಪ. ಟೆಕ್ನಿಕಲ್ ಇನ್‌ಸ್ಪೆಕ್ಷನ್ ದಾಟುವುದಿಲ್ಲ, ಬ್ರೇಕ್ ಟೆಸ್ಟ್‌ನಲ್ಲಿ ನಾಲ್ಕೂ ಚಕ್ರ ಲಾಕ್ ಆಗುವುದಿಲ್ಲ, ಇಲ್ಲವೇ 22 ಕಿ.ಮೀ. ದೂರದ ಎಂಡ್ಯೂರೆನ್ಸ್ ಓಟದ ಅರ್ಧದಲ್ಲೇ ಕಾರು ನಿಲ್ಲುತ್ತದೆ. 1000 ಅಂಕಗಳಲ್ಲಿ ದೊಡ್ಡ ಪಾಲು ಎಂಡ್ಯೂರೆನ್ಸ್ ಮತ್ತು ಇಂಧನ ದಕ್ಷತೆಗೇ ಮೀಸಲು. ಆ 22 ಕಿ.ಮೀ. ಮುಗಿಸದಿದ್ದರೆ ಅಷ್ಟೂ ಹೋದಂತೆ. ಹಿಂದುಳಿದಿದ್ದ ನಮ್ಮ ತಂಡವನ್ನು ಮೇಲೆತ್ತಲು ಹೊರಟಾಗ ಹಾಕಿಕೊಂಡ ನಿಯಮ ಒಂದೇ: ನಿಲ್ಲದೆ ಓಡುವ ಕಾರು ಕೈಗೆ ಬರುವ ತನಕ ವೇಗಕ್ಕಾಗಿ ಒಂದು ರೂಪಾಯಿಯೂ ಖರ್ಚು ಮಾಡಬಾರದು. ರೆಕ್ಕೆ, ಕಾರ್ಬನ್ ಫೈಬರ್, ಎಲೆಕ್ಟ್ರಾನಿಕ್ ಗೇರ್ ಶಿಫ್ಟ್ ಮೂರನ್ನೂ ಪಟ್ಟಿಯಿಂದ ತೆಗೆದೆವು.

ಸ್ಪರ್ಧೆ ಇರುವುದು ಜನವರಿಯಲ್ಲಿ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ ಕೊನೆಗೆ ಕಾರು ಸ್ವಂತ ಶಕ್ತಿಯಲ್ಲಿ ಓಡಲೇಬೇಕು, ಆಗಸ್ಟ್‌ಗೆ ಫ್ರೇಮ್ ವೆಲ್ಡಿಂಗ್ ಮುಗಿಯಬೇಕು, ಜೂನ್ ಕೊನೆಗೆ ವಿನ್ಯಾಸಕ್ಕೆ ಬೀಗ ಬೀಳಬೇಕು. ಬೀಗ ಬಿದ್ದ ಮೇಲೆ ಯಾರು ಎಷ್ಟೇ ಒಳ್ಳೆಯ ಐಡಿಯಾ ತಂದರೂ ಅದು ಮುಂದಿನ ವರ್ಷದ ಕಾರಿಗೆ. ಇದನ್ನು ಹುಡುಗರಿಗೆ ಒಪ್ಪಿಸುವುದು ಎಂಜಿನ್ ಟ್ಯೂನಿಂಗ್‌ಗಿಂತ ಕಷ್ಟ. ಆದರೆ ಇದೊಂದು ಸಡಿಲವಾದರೆ ಪರೀಕ್ಷೆಗೆಂದು ಇಟ್ಟ ಎರಡೂವರೆ ತಿಂಗಳು ಕರಗಿಹೋಗುತ್ತದೆ.

ಫ್ರೇಮ್‌ಗೆ 4130 ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಮಿಶ್ರಲೋಹ ಉಕ್ಕು) ಟ್ಯೂಬೇ ಬೇಕು ಎಂಬ ನಂಬಿಕೆ ಬಹಳ ತಂಡಗಳಲ್ಲಿದೆ. ಟ್ಯೂಬಿನ ಗೋಡೆ ಕನಿಷ್ಠ ಎಷ್ಟು ದಪ್ಪ ಇರಬೇಕು ಎಂಬುದನ್ನು ನಿಯಮವೇ ಹೇಳುತ್ತದೆ, ಮಿಶ್ರಲೋಹ ಅಂತ ಅದರಲ್ಲಿ ರಿಯಾಯಿತಿ ಇಲ್ಲ. ಬಿಗಿತವೂ ಸಾದಾ ಉಕ್ಕಿನಷ್ಟೇ. ಹಾಗಾಗಿ ಸರಿಯಾದ ಅಳತೆಯ ಸೀಮ್‌ಲೆಸ್ ಸಾದಾ ಉಕ್ಕು ಸಿಕ್ಕರೆ ಅದೇ ಸಾಕು. ಉಳಿದ ಹಣವನ್ನು ಜಿಗ್‌ಗೆ, ಅಂದರೆ ಬೆಸೆಯುವಾಗ ಟ್ಯೂಬುಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟಿಗೆ ಹಾಕಿ. ನಾವು ಬೆಂಗಳೂರಿನ ಪೀಣ್ಯದಲ್ಲಿ 6 ಮಿ.ಮೀ. ಪ್ಲೇಟಿನಿಂದ ಲೇಸರ್‌ನಲ್ಲಿ ಜಿಗ್ ಕತ್ತರಿಸಿ ತಂದೆವು. ಟ್ಯೂಬಿನ ತುದಿಗಳ ನಡುವೆ 0.5 ಮಿ.ಮೀ.ಗಿಂತ ಹೆಚ್ಚು ಸಂದು ಉಳಿಯದಂತೆ ಅರೆದು, ಮೊದಲು ಇಡೀ ಫ್ರೇಮ್‌ಗೆ ಟ್ಯಾಕ್ (ಅಲ್ಲಲ್ಲಿ ಚಿಕ್ಕ ಬೆಸುಗೆ) ಹಾಕಿ, ಆಮೇಲೆ ಎಡಬಲ ಬದಲಿಸುತ್ತ ಟಿಗ್ ವೆಲ್ಡಿಂಗ್ ಮಾಡಿಸಬೇಕು. ಇಷ್ಟಾದರೂ ಫ್ರೇಮ್ 2-3 ಮಿ.ಮೀ. ಎಳೆದುಕೊಳ್ಳುತ್ತದೆ. ಅದಕ್ಕೇ ಸಸ್ಪೆನ್ಷನ್ ಬ್ರಾಕೆಟ್‌ಗಳನ್ನು ಎಲ್ಲಕ್ಕಿಂತ ಕೊನೆಗೆ, ಪ್ರತ್ಯೇಕ ಜಿಗ್‌ನಲ್ಲಿ ಕೂರಿಸಬೇಕು. ಫ್ರೇಮ್ ಜತೆಗೇ ಅವನ್ನೂ ಬೆಸೆದುಬಿಟ್ಟರೆ ಎಡಕ್ಕೊಂದು ಬಲಕ್ಕೊಂದು ಜಾಮಿತಿಯ ಕಾರು ಸಿಗುತ್ತದೆ, ಮುಂದೆ ಯಾವ ಸೆಟಪ್ಪಿಗೂ ಅದು ಬಗ್ಗುವುದಿಲ್ಲ.

ಎಂಜಿನ್ ಕೆಟಿಎಂ 390, 373 ಸಿಸಿ. ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತದೆ, ತೂಕ ಕಡಿಮೆ. ಎರಡು ದೋಷಗಳಿಗೆ ಮಾತ್ರ ಮೊದಲೇ ಸಿದ್ಧರಾಗಿರಬೇಕು. ಒಂದು, ಎಣ್ಣೆ. ಬೈಕು ತಿರುವಿನಲ್ಲಿ ವಾಲುವುದರಿಂದ ಎಣ್ಣೆ ಸಂಪ್‌ನ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ತಳದಲ್ಲೇ ಇರುತ್ತದೆ, ಕಾರು ವಾಲುವುದಿಲ್ಲ. 1.2 ಜಿ ಪಾರ್ಶ್ವಬಲದಲ್ಲಿ ಎಣ್ಣೆಯ ಮೇಲ್ಮೈ 50 ಡಿಗ್ರಿ ಓರೆಯಾಗಿ ಎಣ್ಣೆ ಹೀರುವ ಪಿಕಪ್ ಕೊಳವೆಯ ಬಾಯಿ ಗಾಳಿ ಹೀರುತ್ತದೆ, ಕನೆಕ್ಟಿಂಗ್ ರಾಡ್ ಬೇರಿಂಗ್ ಸುಡುತ್ತದೆ. ಪಿಕಪ್ ಸುತ್ತ ಬ್ಯಾಫಲ್ (ಎಣ್ಣೆ ಸರಿಯದಂತೆ ತಡೆಯುವ ತಗಡು) ಹಾಕಿ, ಆಯಿಲ್ ಪ್ರೆಷರ್ ಸೆನ್ಸರ್ ಕೂರಿಸಿ, 4000 ಆರ್‌ಪಿಎಂ ಮೇಲೆ ಒತ್ತಡ 1 ಬಾರ್‌ಗಿಂತ ಕೆಳಗೆ ಅರ್ಧ ಸೆಕೆಂಡು ಉಳಿದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಎಂಜಿನ್ ಆರಿಸುವಂತೆ ಬರೆದೆವು. ಸ್ಕಿಡ್‌ಪ್ಯಾಡ್ (ವೃತ್ತಾಕಾರದ ದಾರಿ) ಸುತ್ತುವಾಗ ಎಡ ಸುತ್ತಿನ ಒತ್ತಡದ ಗ್ರಾಫನ್ನು ಬಲ ಸುತ್ತಿನದರ ಮೇಲೆ ಇಟ್ಟು ನೋಡಿದರೆ ಬ್ಯಾಫಲ್ ಯಾವ ಕಡೆ ಸಾಲದು ಅಂತ ಗೊತ್ತಾಗುತ್ತದೆ.

ಇನ್ನೊಂದು ದೋಷ ಕಂಪನ. ಸಿಂಗಲ್ ಸಿಲಿಂಡರ್ ಎಂಜಿನ್ ನೇರವಾಗಿ ಫ್ರೇಮ್‌ಗೆ ಕೂತಾಗ ಬ್ರಾಕೆಟ್‌ಗಳು ವೆಲ್ಡಿಂಗ್ ಅಂಚಿನಲ್ಲಿ ಬಿರುಕು ಬಿಡುತ್ತವೆ. ಸೈಲೆನ್ಸರ್ ಪೈಪನ್ನು ಎರಡೂ ಕಡೆ ಗಟ್ಟಿ ಹಿಡಿಯದೆ ಸ್ಲಿಪ್ ಜಾಯಿಂಟ್‌ಗೆ ಸ್ಪ್ರಿಂಗ್ ಹಾಕಿ. ವೈರಿಂಗ್‌ನಲ್ಲಿ ಬೆಸುಗೆ ಬೇಡ. ಸೀಸ ಕೂತ ಜಾಗದ ಅಂಚಿನಲ್ಲೇ ತಂತಿ ತುಂಡಾಗುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಒಳ್ಳೆಯ ಕ್ರಿಂಪಿಂಗ್ ಟೂಲ್ ಕೊಂಡುಕೊಳ್ಳಿ, ನೀರು ನುಗ್ಗದ ಕನೆಕ್ಟರ್‌ಗಳನ್ನೇ ಬಳಸಿ, ಎಲ್ಲ ಅರ್ತ್ ತಂತಿಗಳನ್ನೂ ಒಂದೇ ಬೋಲ್ಟಿಗೆ ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ ಸಾದಾ ಟರ್ಮಿನಲ್‌ಗಳು ಮನೆಯ ಪ್ರಾಜೆಕ್ಟಿಗೆ ಸರಿ, ಈ ಕಾರಿಗೆ ಅಲ್ಲ. ಕಾರಣ ಸಿಗದೆ ನಿಂತ ಕಾರುಗಳಲ್ಲಿ ನಾನು ಕಂಡಿರುವ ಮುಖ್ಯ ಕಾರಣ ಹರಿದ ತಂತಿ.

ಎಂಜಿನ್‌ಗೆ ಹೋಗುವ ಗಾಳಿಯನ್ನು ಮಿತಿಗೊಳಿಸಲು ನಿಯಮ ಕೇಳುವ 20 ಮಿ.ಮೀ. ರೆಸ್ಟ್ರಿಕ್ಟರನ್ನು ಅಲ್ಯೂಮಿನಿಯಂನಲ್ಲಿ ಲೇತ್‌ನಲ್ಲಿ ತಿರುಗಿಸಿ ಮಾಡಿಸಿ. 3ಡಿ ಪ್ರಿಂಟ್ ಮಾಡಿದ್ದು ಶಾಖಕ್ಕೆ ಅಂಡಾಕಾರವಾಗುತ್ತದೆ, ತಪಾಸಣೆಯ ಅಳತೆಯಲ್ಲಿ ಸಿಕ್ಕಿಬೀಳುತ್ತದೆ. ಅದರ ಮುಂದಿನ ಗಾಳಿ ಪೆಟ್ಟಿಗೆ, ಅಂದರೆ ಪ್ಲೀನಂ, ಪ್ರಿಂಟ್ ಆದರೆ ನಡೆಯುತ್ತದೆ, ಒಳಗೆ ಎಪಾಕ್ಸಿ ಹಚ್ಚಬೇಕು. ಪರೀಕ್ಷೆ ಸರಳ: ಐಡಲ್‌ನಲ್ಲಿ ಗಾಳಿಯ ಬಾಯಿ ಮುಚ್ಚಿದರೆ ಎಂಜಿನ್ ಕೂಡಲೇ ಆರಬೇಕು. ಆರದಿದ್ದರೆ ಎಲ್ಲೋ ಸೋರಿಕೆ ಇದೆ, ಅದು ನಿಯಮಭಂಗವೂ ಹೌದು, ಇಂಧನದ ಮ್ಯಾಪಿಂಗ್ (ಇಸಿಯುನಲ್ಲಿ ಬರೆದ ಅಳತೆ) ಕೆಡಿಸುವ ಕಾರಣವೂ ಹೌದು. ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ (ಗಾಳಿ-ಇಂಧನ ಪ್ರಮಾಣದ ಅಳತೆ, 1ಕ್ಕಿಂತ ಕಡಿಮೆ ಎಂದರೆ ಇಂಧನ ಹೆಚ್ಚು) 0.88ರಿಂದ 0.90ರ ನಡುವೆ ಇಟ್ಟೆವು. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಇನ್ನೂ ತಗ್ಗಿಸಿದರೆ ಇಂಧನ ಉಳಿಯುತ್ತದೆ, ಆದರೆ ತಂಪಿಸಲು ಬರೀ ನೀರು ಮಾತ್ರ ಬಳಸಬಹುದು ಎಂಬ ನಿಯಮವಿರುವ ಕಡೆ ಆ ಶಾಖದ ಜೂಜು ನನಗೆ ಒಪ್ಪಿಗೆಯಿಲ್ಲ.

ಈಗ ಹಾಟ್ ರೀಸ್ಟಾರ್ಟ್, ಅಂದರೆ ಬಿಸಿ ಎಂಜಿನ್ ಮತ್ತೆ ಚಾಲೂ ಮಾಡುವುದು. ಸುಮಾರು 11 ಕಿ.ಮೀ. ಆದ ಮೇಲೆ ಎಂಜಿನ್ ಆರಿಸಿ, 3 ನಿಮಿಷದಲ್ಲಿ ಚಾಲಕ ಬದಲಾಗಿ, ಕಾರು ಮತ್ತೆ ಹೊರಡಬೇಕು. ಚೆನ್ನಾಗಿ ಓಡುತ್ತಿದ್ದ ಕಾರುಗಳು ಇಲ್ಲೇ ಮುಗಿಯುತ್ತವೆ. ಕಾರಣಗಳು ಒಂದರ ಮೇಲೊಂದು ಕೂತಿರುತ್ತವೆ. ಎಂಜಿನ್ ಆರಿದೊಡನೆ ನೀರಿನ ಹರಿವು ನಿಂತು ಶಾಖ ಮೇಲೇರುತ್ತದೆ. ಸಿಲಿಂಡರ್ ಹೆಡ್ ಪಕ್ಕದಲ್ಲಿರುವ ಗಾಳಿಯ ಉಷ್ಣತೆಯ ಸೆನ್ಸರ್ ಕಾದು ಸುಳ್ಳು ಹೇಳುತ್ತದೆ, ಇಸಿಯು ಅದನ್ನು ನಂಬಿ ಇಂಧನ ಕಡಿಮೆ ಮಾಡುತ್ತದೆ. ತಣ್ಣನೆಯ ಎಂಜಿನ್‌ಗೆ ಬರೆದ ಕ್ರ್ಯಾಂಕಿಂಗ್ (ಸ್ಟಾರ್ಟ್ ಮಾಡುವಾಗಿನ ಇಂಧನದ) ಟೇಬಲ್ಲೇ ಬಿಸಿಗೂ ಅನ್ವಯವಾದರೆ ತದ್ವಿರುದ್ಧ, ಪ್ಲಗ್ ಒದ್ದೆಯಾಗುತ್ತದೆ. ಈ ನಡುವೆ ಫ್ಯಾನ್ ಮತ್ತು ಪೆಟ್ರೋಲ್ ಪಂಪ್ ಬ್ಯಾಟರಿ ತಿಂದಿದ್ದರೆ ಸ್ಟಾರ್ಟರ್ ಒತ್ತಿದಾಗ ವೋಲ್ಟೇಜ್ ಕುಸಿದು ಇಸಿಯು ರೀಸೆಟ್ ಆಗುತ್ತದೆ.

ನಾವು ಮಾಡಿದ್ದು ಹೀಗೆ. ಗಾಳಿಯ ಸೆನ್ಸರನ್ನು ಹೆಡ್‌ನಿಂದ ದೂರ, ಪ್ಲೀನಂನ ಆಚೆ ಗೋಡೆಗೆ ಸಾಗಿಸಿದೆವು. ಕ್ರ್ಯಾಂಕಿಂಗ್ ಇಂಧನವನ್ನು ಕೂಲಂಟ್ ಉಷ್ಣತೆಗೆ ಅನುಸಾರ 20, 40, 60, 80, 95 ಡಿಗ್ರಿಗೆ ಬೇರೆ ಬೇರೆಯಾಗಿ ತುಂಬಿದೆವು. 95 ಡಿಗ್ರಿಯ ಅಂಕಿಯನ್ನು ಊಹಿಸಿ ಬರೆಯುವಂತಿಲ್ಲ, ನಿಜಕ್ಕೂ ಅಷ್ಟು ಬಿಸಿ ಮಾಡಿಯೇ ತುಂಬಬೇಕು. ಫ್ಯಾನ್ ಮತ್ತು ಪಂಪ್ ಎರಡೂ ಓಡುವಾಗ ಐಡಲ್‌ನಲ್ಲಿ ಬ್ಯಾಟರಿ ತುದಿಯಲ್ಲಿ 13.5 ವೋಲ್ಟ್ ಉಳಿಯದಿದ್ದರೆ ಐಡಲ್ ಏರಿಸಿ, ಇಲ್ಲವೇ ಕಡಿಮೆ ಕರೆಂಟ್ ಎಳೆಯುವ ಫ್ಯಾನ್ ಹಾಕಿ. ಪರೀಕ್ಷೆಯ ಪ್ರತಿ ದಿನವೂ 11 ಕಿ.ಮೀ. ಓಡಿಸಿ, ಆರಿಸಿ, 3 ನಿಮಿಷ ಕಾದು ಸ್ಟಾರ್ಟ್ ಮಾಡುವುದು ಕಡ್ಡಾಯ.

ಬ್ರೇಕ್ ಟೆಸ್ಟ್‌ನಲ್ಲಿ ಸೋಲುವ ಕಾರುಗಳ ಲೆಕ್ಕಾಚಾರ ಕಾಗದದ ಮೇಲೆ ಬಹುಪಾಲು ಸರಿಯಾಗಿಯೇ ಇರುತ್ತದೆ. ಬಾಗುವುದು ಪೆಡಲ್ ಕೂತ ತಗಡು. ಪೆಡಲ್ 2000 ನ್ಯೂಟನ್ ತಡೆಯಬೇಕು ಅನ್ನುತ್ತದೆ ನಿಯಮ. ಮುರಿಯದಿದ್ದರೆ ಸಾಲದು, ಬುಡ ಬಾಗಿದಷ್ಟೂ ಒತ್ತಡ ಪೈಪಿಗೆ ಹೋಗುವುದಿಲ್ಲ. ಡಯಲ್ ಗೇಜ್ ಇಟ್ಟು ಯಾರಾದರೂ ಬಲವಾಗಿ ತುಳಿಯಲಿ, ಬುಡ 1 ಮಿ.ಮೀ. ಸರಿದರೂ ಹಿಂದಿನಿಂದ ಆನಿಕೆ ಕೊಡಿ. ಹೊಸ ಪ್ಯಾಡ್ ಹಾಕಿ ನೇರ ಟೆಸ್ಟಿಗೆ ಹೋಗಬೇಡಿ, 50 ಕಿ.ಮೀ. ವೇಗದಿಂದ ಹತ್ತು ಹದಿನೈದು ಸಲ ಕ್ರಮೇಣ ಜೋರಾಗಿ ನಿಲ್ಲಿಸಿ ಪ್ಯಾಡ್ ಪಳಗಿಸಿ. ಪೈಪ್ ಬಿಚ್ಚಿದಾಗಲೆಲ್ಲ ತಾಮ್ರದ ವಾಷರ್ ಹೊಸದು. ಜೆ.ಸಿ. ರಸ್ತೆಯಲ್ಲಿ ಒಂದು ಪೊಟ್ಟಣ ಕೊಂಡಿಟ್ಟರೆ ವರ್ಷ ಪೂರ್ತಿ ಬರುತ್ತದೆ. ಲಾಕ್ ಮಾಡುವಾಗ ಎಂಜಿನ್ ಆರಿದರೂ ಫೇಲ್, ಆದ್ದರಿಂದ ಕ್ಲಚ್ ಮತ್ತು ಬ್ರೇಕ್ ಒಟ್ಟಿಗೆ ತುಳಿಯುವ ಅಭ್ಯಾಸ ಚಾಲಕನಿಗೆ ಬೇಕು.

ಸೆಟಪ್‌ಗೆ ದುಬಾರಿ ಉಪಕರಣ ಬೇಡ. ಚಾಲಕ ಕೂತ ಕಾರು ಸುಮಾರು 300 ಕೆ.ಜಿ., ಅಂದರೆ ಪ್ರತಿ ಚಕ್ರಕ್ಕೆ 75ರ ಆಸುಪಾಸು. 150 ಕೆ.ಜಿ. ತೂಗುವ ನಾಲ್ಕು ಮನೆ ತಕ್ಕಡಿ ಸಾಕು. ನೆಲ ಮಾತ್ರ ಸಮ ಇರಬೇಕು: ನೀರು ತುಂಬಿದ ಪಾರದರ್ಶಕ ಪೈಪಿನಿಂದ ನಾಲ್ಕೂ ಬಿಂದು ಅಳೆದು, ತಗ್ಗಿದ್ದ ಕಡೆ ತೆಳು ಟೈಲ್ ತುಂಡು ಇಡಿ. ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ಓಲದಂತೆ ತಡೆಯುವ ಸರಳು) ಬಿಚ್ಚಿ, ಸಸ್ಪೆನ್ಷನ್‌ನ ಪುಶ್‌ರಾಡ್ ತಿರುಗಿಸುತ್ತ ಕರ್ಣದ ತೂಕ (ಮೂಲೆಗೆ ಮೂಲೆ ಎದುರಿರುವ ಎರಡು ಚಕ್ರಗಳ ಭಾರ) ಒಟ್ಟಿನ 50 ಶೇಕಡಾಕ್ಕೆ ತನ್ನಿ, ಅರ್ಧ ಶೇಕಡಾ ಆಚೀಚೆ ಪರವಾಗಿಲ್ಲ. ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಅಳೆಯಲು ದಾರ ಮತ್ತು ಸ್ಟೀಲ್ ಸ್ಕೇಲು: 10 ಇಂಚಿನ ರಿಮ್‌ನಲ್ಲಿ ಮುಂದಿನ ಮತ್ತು ಹಿಂದಿನ ಅಂಚಿನ ವ್ಯತ್ಯಾಸ 1 ಮಿ.ಮೀ. ಆದರೆ ಸುಮಾರು 0.2 ಡಿಗ್ರಿ. ಚಕ್ರವನ್ನು ಹಿಡಿದಿಡುವ ಅಪ್‌ರೈಟ್‌ನ ಮೇಲಿನ ಕೆಳಗಿನ ಜಾಯಿಂಟ್ ನಡುವೆ 180 ಮಿ.ಮೀ. ಇದ್ದರೆ 1 ಮಿ.ಮೀ. ಶಿಮ್ಮಿಗೆ (ನಡುವೆ ಇಡುವ ತೆಳು ಪಟ್ಟಿ) ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರದ ಓರೆ, 0.3 ಡಿಗ್ರಿ ಬದಲಾಗುತ್ತದೆ. ಟೈರಿನ ಒಳ, ನಡು, ಹೊರ ಭಾಗದ ಉಷ್ಣತೆಯನ್ನು ಸೂಜಿ ಪೈರೋಮೀಟರಿನಿಂದ ಕಾರು ನಿಂತ ಕೂಡಲೇ ಅಳೆಯಿರಿ. ನಡು ಹೆಚ್ಚು ಬಿಸಿಯಾದರೆ ಗಾಳಿ ಹೆಚ್ಚು, ಒಳಭಾಗ ಹತ್ತು ಡಿಗ್ರಿಗೂ ಮೀರಿ ಬಿಸಿಯಾದರೆ ಕ್ಯಾಂಬರ್ ಹೆಚ್ಚು.

ಟ್ರ್ಯಾಕ್ ಬಾಡಿಗೆಗೆ ಹಣವಿಲ್ಲದ ತಂಡಕ್ಕೆ ಸ್ಕಿಡ್‌ಪ್ಯಾಡ್ ವರದಾನ. ಒಳವೃತ್ತದ ವ್ಯಾಸ 15.25 ಮೀ., ದಾರಿಯ ಅಗಲ 3 ಮೀ., ಕಾಲೇಜಿನ ಪಾರ್ಕಿಂಗ್ ಜಾಗದಲ್ಲೇ ಸುಣ್ಣದ ಗೆರೆ ಎಳೆಯಬಹುದು. ಒಂದು ಸುತ್ತಿಗೆ 5.5 ಸೆಕೆಂಡು ಹಿಡಿದರೆ ಪಾರ್ಶ್ವಬಲ ಸುಮಾರು 1.2 ಜಿ. ಟೈರ್ ಒತ್ತಡ, ಕ್ಯಾಂಬರ್, ರೋಲ್ ಬಾರ್ ಯಾವುದೇ ಬದಲಿಸಿ, ಒಂದು ಸಲಕ್ಕೆ ಒಂದನ್ನೇ, ಫಲ ಸ್ಟಾಪ್‌ವಾಚ್‌ನಲ್ಲಿ ಕಾಣುತ್ತದೆ.

ಕಾರು ಹೀಗೆ 300 ಕಿ.ಮೀ. ಓಡಿದ ಮೇಲೆ ಉಳಿಯುವುದು ಚಾಲಕರು. ಎಂಡ್ಯೂರೆನ್ಸ್‌ಗೆ ನಾವು ಆರಿಸುವುದು ಅತಿ ವೇಗದ ಲ್ಯಾಪ್ ಹಾಕಿದವರನ್ನಲ್ಲ, ಹತ್ತು ಲ್ಯಾಪ್‌ಗಳ ನಡುವಿನ ವ್ಯತ್ಯಾಸ ಕಡಿಮೆ ಇರುವವರನ್ನು. ಒಂದು ಕೋನ್ ಬಿದ್ದರೆ 2 ಸೆಕೆಂಡು ದಂಡ, ಅಷ್ಟನ್ನು ಆಕ್ಸಿಲರೇಟರ್ ತುಳಿದು ಮರಳಿ ಪಡೆಯಲು ಹಲವು ಲ್ಯಾಪ್ ಬೇಕು. ಪ್ರತಿ ಓಟದ ನಂತರ ಪೂರ್ತಿ ಕಾರಿನ ನಟ್ಟುಬೋಲ್ಟು ಪರೀಕ್ಷೆ: ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಬಣ್ಣದ ಗೆರೆ, ಗೆರೆ ಸರಿದಿದ್ದರೆ ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವುದು) ಎಸೆದು ಹೊಸದು. ಈ ಕೆಲಸವನ್ನು ಆ ಭಾಗ ಜೋಡಿಸಿದವರಿಗೆ ಕೊಡಬಾರದು, ಬೇರೆಯವರಿಗೆ ಕೊಡಬೇಕು.