ಹಾರ್ಡ್‌ವೇರ್ ಕೆಲಸದ ಆಫರ್: ಸಂಬಳದ ಜೊತೆ ಲ್ಯಾಬನ್ನೂ ನೋಡಿ

ಆಫರ್ ಲೆಟರ್‌ನಲ್ಲಿ ದಪ್ಪಕ್ಷರದಲ್ಲಿರುವ ವಾರ್ಷಿಕ ಮೊತ್ತವನ್ನು ಮೊದಲು ಬಿಡಿಸಿ ಬರೆದುಕೊಳ್ಳಿ: ಮೂಲ ಸಂಬಳ, ಬೋನಸ್, ಷೇರು, ಜಾಯ್ನಿಂಗ್ ಬೋನಸ್. ತಿಂಗಳು ತಿಂಗಳು ತಪ್ಪದೆ ಕೈಗೆ ಬರುವುದು ಮೊದಲನೆಯದು ಮಾತ್ರ. ಬೋನಸ್ ಮುಂದೆ 'ಟಾರ್ಗೆಟ್' ಎಂದಿದ್ದರೆ, ಕಳೆದ ಮೂರು ವರ್ಷ ಅದರಲ್ಲಿ ಶೇಕಡಾ ಎಷ್ಟು ಕೊಟ್ಟಿದ್ದಾರೆ ಎಂದು ಕೇಳಿ. ಷೇರು ಸಾಮಾನ್ಯವಾಗಿ 4 ವರ್ಷಕ್ಕೆ ಹಂಚಿರುತ್ತದೆ. 12 ತಿಂಗಳು ತುಂಬುವ ಮುನ್ನ ಬಿಟ್ಟರೆ ಒಂದೂ ಸಿಗದಿರುವುದುಂಟು. ಜಾಯ್ನಿಂಗ್ ಬೋನಸ್ ಎರಡನೇ ವರ್ಷಕ್ಕೆ ಇರುವುದಿಲ್ಲ, ಬೇಗ ಬಿಟ್ಟರೆ ವಾಪಸ್ ಕಟ್ಟಬೇಕೆಂಬ ಷರತ್ತೂ ಇರಬಹುದು. ಹಾಗಾಗಿ ಮೊದಲ ವರ್ಷದ ಲೆಕ್ಕ ಬೇರೆ, ಮೂರನೇ ವರ್ಷದ ಲೆಕ್ಕ ಬೇರೆ ಮಾಡಿ.

ಆಮೇಲೆ ಗಂಟೆಗೆ ಎಷ್ಟು ಬಿತ್ತು ನೋಡಿ. ಒಂದು ಕಡೆ 100 ಪಾಲು ಸಂಬಳ, ವಾರಕ್ಕೆ 60 ಗಂಟೆ ಕೆಲಸ. ಇನ್ನೊಂದು ಕಡೆ 85 ಪಾಲು, 42 ಗಂಟೆ. ವರ್ಷಕ್ಕೆ 48 ವಾರವೆಂದರೆ 2,880 ಗಂಟೆ ಮತ್ತು 2,016 ಗಂಟೆ. ಕಡಿಮೆ ಸಂಬಳದ ಕೆಲಸವೇ ಗಂಟೆಗೆ ಸುಮಾರು 21% ಹೆಚ್ಚು ಕೊಡುತ್ತದೆ. ಆದರೆ ಆ 42 ಅನ್ನು ಎಚ್‌ಆರ್ ಬಾಯಿಂದ ಕೇಳಿ ನಂಬಬೇಡಿ. ತಂಡದಲ್ಲಿ ನಿಮ್ಮ ಹಂತದಲ್ಲೇ ಇರುವವರನ್ನು ಕೇಳಿ. ಅದೂ ಟೇಪ್‌ಔಟ್‌ಗೆ (ಚಿಪ್‌ನ ವಿನ್ಯಾಸ ಮುಗಿಸಿ ತಯಾರಿಕೆಗೆ ಕಳಿಸುವ ಹಂತ) ಹಿಂದಿನ ಎರಡು ತಿಂಗಳು ಹೇಗಿತ್ತು ಎಂದು.

ನಮ್ಮ ಪ್ರಕಾರ ಇಂಟರ್‌ವ್ಯೂನಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಹಿಂದಿನ ಸರ್ಕ್ಯೂಟ್ ಬೋರ್ಡ್ ಎಷ್ಟನೇ ರಿವಿಷನ್‌ಗೆ ಸರಿಹೋಯಿತು, ಮೊದಲನೆಯದರಲ್ಲಿ ಏನು ತಪ್ಪಿತ್ತು?" "ಕನೆಕ್ಟರ್ ಫುಟ್‌ಪ್ರಿಂಟ್ (ಬೋರ್ಡ್ ಮೇಲೆ ಅದನ್ನು ಕೂರಿಸುವ ಜಾಗದ ನಕ್ಷೆ) ತಿರುಗುಮುರುಗಾಗಿತ್ತು, ಈಗ ರಿವ್ಯೂ ಚೆಕ್‌ಲಿಸ್ಟ್‌ಗೆ ಸೇರಿಸಿದ್ದೇವೆ" ಎಂಬಂಥ ಉತ್ತರ ಬಂದರೆ ಅದು ಒಳ್ಳೆಯ ತಂಡ. ಯಾರೋ ಒಬ್ಬರ ಹೆಸರು ಹೇಳಿ ದೂರಿದರೆ ನಾಳೆ ಆ ಜಾಗದಲ್ಲಿ ನೀವಿರುತ್ತೀರಿ. ಸಾಫ್ಟ್‌ವೇರ್‌ನಲ್ಲಿ ತಪ್ಪನ್ನು ಅದೇ ದಿನ ತಿದ್ದಿ ಕಳಿಸಬಹುದು. ಬೋರ್ಡ್ ಆದರೆ ಫ್ಯಾಬ್ (ಬೋರ್ಡ್ ತಯಾರಿ), ಅಸೆಂಬ್ಲಿ (ಬಿಡಿಭಾಗ ಕೂರಿಸುವುದು) ಸೇರಿ ವಾರಗಳು. ಚಿಪ್‌ನ ಮಾಸ್ಕ್ (ವಿನ್ಯಾಸವನ್ನು ಸಿಲಿಕಾನ್ ಮೇಲೆ ಮೂಡಿಸುವ ಅಚ್ಚು) ಬದಲಾಯಿಸಬೇಕಾದರೆ ತಿಂಗಳುಗಳು. ಎರಡನೇ ಸ್ಪಿನ್‌ಗೆ, ಅಂದರೆ ತಿದ್ದಿ ಮತ್ತೊಮ್ಮೆ ಮಾಡಿಸುವುದಕ್ಕೆ, ಶೆಡ್ಯೂಲ್‌ನಲ್ಲಿ ಜಾಗವಿಲ್ಲದಿದ್ದರೆ ಆ ಸಮಯ ಎಂಜಿನಿಯರ್‌ಗಳ ಶನಿವಾರ ಭಾನುವಾರಗಳಿಂದಲೇ ಬರಬೇಕು. ಕೆಲಸದ ವಾತಾವರಣ ಕೆಡುವುದು ಹೆಚ್ಚಾಗಿ ಇಲ್ಲಿಂದಲೇ.

ಲ್ಯಾಬ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಆಸಿಲೋಸ್ಕೋಪ್ (ಸಿಗ್ನಲ್‌ನ ಅಲೆಯನ್ನು ಪರದೆ ಮೇಲೆ ತೋರಿಸುವ ಉಪಕರಣ) ಮೇಲಿನ ಕ್ಯಾಲಿಬ್ರೇಷನ್ ಸ್ಟಿಕರ್‌ನ ದಿನಾಂಕ ಮುಗಿದಿದೆಯೇ ನೋಡಿ. ಬ್ಯಾಂಡ್‌ವಿಡ್ತನ್ನೂ (ಎಷ್ಟು ಆವರ್ತನದವರೆಗೆ ಅದು ಸರಿಯಾಗಿ ಅಳೆಯಬಲ್ಲದು) ಗಮನಿಸಿ: ಸಿಗ್ನಲ್‌ನ ರೈಸ್ ಟೈಮ್ (ಕೆಳಗಿನಿಂದ ಮೇಲಕ್ಕೇರಲು ಹಿಡಿಯುವ ಸಮಯ) 1 ನ್ಯಾನೋಸೆಕೆಂಡ್ ಇದ್ದರೆ ಅದರಲ್ಲೇ 0.35 ÷ 1 ನ್ಯಾನೋಸೆಕೆಂಡ್, ಅಂದರೆ 350 ಮೆಗಾಹರ್ಟ್ಸ್‌ವರೆಗಿನ ಅಂಶ ಇರುತ್ತದೆ. ಅಲ್ಲಿ 100 ಮೆಗಾಹರ್ಟ್ಸ್ ಸ್ಕೋಪ್ ಒಂದನ್ನೇ ಹತ್ತು ಜನ ಹಂಚಿಕೊಳ್ಳುತ್ತಿದ್ದರೆ ಡೀಬಗ್ ಎಂದರೆ ಸರದಿ ಕಾಯುವುದು, ಆಮೇಲೆ ಊಹಿಸುವುದು. ರೀವರ್ಕ್‌ಗೆ (ಬೋರ್ಡ್ ಮೇಲಿನ ಬಿಡಿಭಾಗ ಬಿಚ್ಚಿ ಮತ್ತೆ ಬೆಸೆಯುವುದು) ಟೆಕ್ನಿಷಿಯನ್ ಇದ್ದಾರೆಯೇ? ಚಿಪ್ ಡಿಸೈನ್ ಆದರೆ ಸಿಮ್ಯುಲೇಷನ್ ಸಾಫ್ಟ್‌ವೇರ್‌ನ ಲೈಸೆನ್ಸ್ ಸಾಕಷ್ಟಿವೆಯೇ? ಲೈಸೆನ್ಸ್ ಕಡಿಮೆ ಇದ್ದಲ್ಲಿ ರನ್‌ಗಳು ರಾತ್ರಿಗೆ ಬೀಳುತ್ತವೆ, ಜೊತೆಗೆ ನೀವೂ.

ಫ್ಯಾಕ್ಟರಿ ಬಿಲ್ಡ್‌ಗಾಗಿ (ಕಾರ್ಖಾನೆಯಲ್ಲಿ ಉತ್ಪನ್ನ ತಯಾರಿಸಿ ನೋಡುವ ಸುತ್ತು) ವರ್ಷಕ್ಕೆ ಎಷ್ಟು ವಾರ ಪ್ರಯಾಣ, ಅಲ್ಲಿ ಕಳೆದ ವಾರಾಂತ್ಯಕ್ಕೆ ಬದಲಿ ರಜೆ ಉಂಟೇ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ನೋಟಿಸ್ ಪೀರಿಯಡ್ ಮತ್ತು ಬಾಂಡ್ (ಇಷ್ಟು ಕಾಲ ಬಿಡುವುದಿಲ್ಲವೆಂಬ ಕರಾರು) ಷರತ್ತನ್ನು ಎರಡು ಸಲ ಓದಿ. ಬಾಯಲ್ಲಿ ಒಪ್ಪಿದ್ದನ್ನೆಲ್ಲ ಸಹಿ ಹಾಕುವ ಮುನ್ನವೇ ಮೇಲ್‌ನಲ್ಲಿ ಬರೆಸಿಕೊಳ್ಳಿ.