ಅಂಗಡಿಗೆ ಬೀಗ, ಒಳಗೆ ಊರವರ ಕೋವಿ

ಶಿವಮೊಗ್ಗದಲ್ಲಿ ಆಯುಧ ಲೈಸೆನ್ಸಿನ ಕಡತ ನೋಡಿಕೊಳ್ಳುತ್ತಿದ್ದ ಗುಮಾಸ್ತ ನಾನು, ಈಗ ನಿವೃತ್ತ. ತೋಟದವರ ಲೈಸೆನ್ಸ್ ರದ್ದಾದರೆ ಕೆಲಸ ಸಣ್ಣದು: ಒಂದು ಕೋವಿ, ಒಂದು ರಸೀದಿ. ಕೋವಿ ಮಾರುವವನದೇ ರದ್ದಾದರೆ? ಅಂಥದ್ದೊಂದು ನನ್ನ ಪಾಲಿಗೂ ಬಂತು. ಲೆಕ್ಕದ ಪುಸ್ತಕ ಸರಿಯಿಲ್ಲವೆಂದು ಆಯುಧ ಕಾಯ್ದೆಯ 17ನೇ ಕಲಂನಡಿ ರದ್ದತಿ ಆದೇಶವಾಗಿತ್ತು.

ಆದೇಶ ಕೈಗೆ ಕೊಟ್ಟರೆ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಆದರೆ 1959ರ ಅದೇ ಕಾಯ್ದೆಯ 21ನೇ ಕಲಂ ಪ್ರಕಾರ ಒಳಗಿನ ಸರಕೆಲ್ಲ ತಡಮಾಡದೆ ಠಾಣೆಗೋ ಲೈಸೆನ್ಸಿರುವ ಬೇರೆ ಡೀಲರಿಗೋ ಹೋಗಬೇಕು. ಪೊಲೀಸರು, ಸಾಕ್ಷಿಗೆ ಬಂದ ಪಂಚರ ಜೊತೆ ಹೋಗಿ ಮೊದಲು ಎರಡು ರಾಶಿ ಮಾಡಿಸಿದೆ: ಮಾರಾಟದ್ದು ಒಂದು, ಜನ ಇಟ್ಟುಹೋದದ್ದು ಇನ್ನೊಂದು. ಚುನಾವಣೆ ಬಂತೆಂದರೆ ಕೋವಿ ಠೇವಣಿ ಇಡಬೇಕಲ್ಲ. ತೀರ್ಥಹಳ್ಳಿ, ಹೊಸನಗರದ ಕೆಲವರು ಡೀಲರ್ ಹತ್ತಿರ ಇಡುತ್ತಾರೆ, ಎಣ್ಣೆ ಹಾಕಿ ಒರೆಸಿಡುತ್ತಾನೆ ಅಂತ. ಎರಡನೇ ರಾಶಿಯೇ ದೊಡ್ಡದಾಯಿತು.

ನಂಬರ್ ಓದುವುದು ಪೀಕಲಾಟ. ಮಲೆನಾಡಿನ ಮಳೆಗಾಲ ಕಂಡ ನಳಿಗೆ. 3 ಯಾವುದು, 8 ಯಾವುದು ತಿಳಿಯದು. ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಸೀಮೆಸುಣ್ಣ ಸವರಿ, ಟಾರ್ಚು ಓರೆಯಾಗಿ ಹಿಡಿದರೆ ಅಂಕಿ ಏಳುತ್ತದೆ. ಒಬ್ಬ ಓದಬೇಕು, ಒಬ್ಬ ಬರೆಯಬೇಕು, ಮೂರನೆಯವನು ತಾಳೆ ನೋಡಬೇಕು. ಪುಸ್ತಕದಲ್ಲಿದ್ದ ಒಂದು ಒಂಟಿನಳಿಗೆ ಸಂಜೆಯಾದರೂ ಸಿಗಲಿಲ್ಲ. ಎಲ್ಲರ ಮುಖವೂ ಕಪ್ಪಿಟ್ಟಿತು. ಕೊನೆಗೆ ರಿಪೇರಿ ಪುಸ್ತಕದಲ್ಲಿ ಪತ್ತೆಯಾಯಿತು; ಕೋವಿಯ ಕುದುರೆ ಸವೆದಿತ್ತಂತೆ. ತೋಟಾಗಳನ್ನು ಮಾತ್ರ 25ರ ಪೆಟ್ಟಿಗೆ ಎಂದು ನಂಬದೆ ಬಿಚ್ಚಿಯೇ ಎಣಿಸಿದೆವು.

‘ಮಾರದೆ ಉಳಿದದ್ದನ್ನು ನನ್ನ ಸ್ವಂತದ ಲೈಸೆನ್ಸಿಗೆ ಹಾಕಿಕೊಳ್ಳಲೇ?’ ಅಂದ ಅಂಗಡಿಯಾತ. ಅಮೆರಿಕದಲ್ಲಿ ಹಾಗೆ ದಾಸ್ತಾನನ್ನೇ ಸ್ವಂತದ್ದಾಗಿಸಿಕೊಂಡು ಮಾರುವ ದಾರಿಯಿತ್ತು. ಅದನ್ನು ಮುಚ್ಚಲು 2024ರಲ್ಲಿ ನಿಯಮ ತಂದರು. ನಮ್ಮಲ್ಲಿ 2019ರ ತಿದ್ದುಪಡಿಯಿಂದೀಚೆಗೆ ಸಾಮಾನ್ಯರಿಗೆ ಎರಡೇ ಕೋವಿ. ಮೇಲ್ಮನವಿ ಹಾಕಿಕೋ, ಸರಕು ಠಾಣೆಯಲ್ಲಿರುತ್ತದೆ ಅಂದೆ.

ನಾನೂ ಒಂದು ಕಡೆ ಎಡವಿದೆ. ಠೇವಣಿದಾರರಿಗೆ ಅಂಚೆಯಲ್ಲಿ ನೋಟಿಸು ಕಳಿಸಿ ಸುಮ್ಮನಾದೆ. ಊರಿನ ಗ್ರಾಮಲೆಕ್ಕಿಗರಿಗೆ ಫೋನು ಮಾಡಿದ್ದರೆ ಅವತ್ತೇ ಸುದ್ದಿ ಮುಟ್ಟುತ್ತಿತ್ತು. ಹೊಸನಗರದ ಹಿರಿಯರೊಬ್ಬರು ತಿಂಗಳ ಮೇಲೆ ರಸೀದಿ ಹಿಡಿದು ಬಂದರು. ‘ಹಂದಿ ತೋಟ ಉತ್ತಾಕಿದೆ ಸ್ವಾಮಿ. ನೀವು ಬೀಗ ಹಾಕಿದ್ದು ಅವನಿಗೋ, ನನಗೋ?’

ಲೈಸೆನ್ಸ್ ಚಾಲ್ತಿಯಲ್ಲಿತ್ತು. ನಂಬರ್ ಕೂಡಿಬರಲಿಲ್ಲ: ಅವರ ಪುಸ್ತಕದಲ್ಲಿ 3, ನಮ್ಮ ಪಟ್ಟಿಯಲ್ಲಿ 8. ಠಾಣೆಗೆ ಹೋಗಿ ಮತ್ತೆ ಸೀಮೆಸುಣ್ಣ ಸವರಿದೆ. 3. ಪಟ್ಟಿ ತಿದ್ದಿ, ಪಂಚರಿಂದ ಸಹಿ ಹಾಕಿಸಿ ಕೊಡುವಷ್ಟರಲ್ಲಿ ಕತ್ತಲಾಗಿತ್ತು. ಅವರು ಕೋವಿಗೆ ಗೋಣಿ ಸುತ್ತಿಕೊಂಡು ಕೊನೇ ಬಸ್ಸಿಗೆ ಓಡಿದರು.